ಹಿಡಿಯಲು ಒಂದು ಕಡ್ಡಿ

ಪುತ್ತೂರಿನ ಮನೆಗೆ ಬೀಗ ಹಾಕಿ ಅಮ್ಮ ಡೊಂಬಿವಲಿಗೆ ಬಂದಾಗ ಅವಳ ಚೀಲದಲ್ಲಿ ಒದ್ದೆ ಬಟ್ಟೆ ಸುತ್ತಿದ ಬಸಳೆಯ ನಾಲ್ಕು ದಂಟುಗಳೂ ಒಂದು ಪೊಟ್ಟಣ ಹಾಗಲ ಬೀಜವೂ ಇದ್ದವು. ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಅವಳು ಮಾತನ್ನೇ ಬಿಟ್ಟಿದ್ದಳು. ಕರೆದರೆ ಊಟಕ್ಕೆ ಬರುವಳು, ಉಳಿದಂತೆ ಕುಳಿತಲ್ಲೇ ಕುಳಿತಿರುವಳು. ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಕುಂಡಗಳನ್ನಿಟ್ಟು ನಾನೇ ಅವನ್ನು ನೆಟ್ಟೆ. ಹಬ್ಬಲೆಂದು ದಪ್ಪನೆಯ ಪ್ಲಾಸ್ಟಿಕ್ ಕೊಳವೆಯೊಂದನ್ನು ಊರಿದೆ.

ಹಾಗಲದ ಎಳೆಯ ತಂತುಗಳು ಕೊಳವೆಯನ್ನು ಮುಟ್ಟಿ, ಜಾರಿ, ಏನನ್ನೂ ಹಿಡಿಯದೆ ಸುರುಟಿಕೊಂಡವು. ಬಿಸಿಲು ಸಾಲದೇನೋ ಎಂದುಕೊಂಡೆ. ಬೆನ್ನ ಹಿಂದಿನಿಂದ ಅಮ್ಮನ ದನಿ ಕೇಳಿಸಿತು: “ಆ ಕಂಬ ನಿನ್ನ ಮುಷ್ಟಿಗಾದರೂ ಸಿಕ್ಕುತ್ತದಾ ಮಗಾ? ಅದಕ್ಕೆ ಕಡ್ಡಿ ಬೇಕು.” ಊರಿನಿಂದ ತಂದಿದ್ದ ಹಿಡಿಸೂಡಿಯಿಂದ ಕಡ್ಡಿಗಳನ್ನು ಕಿತ್ತು ಅವಳೇ ಊರಿದಳು. ಮರುದಿನ ಒಂದು ತಂತು ಕಡ್ಡಿಗೆ ಎರಡು ಸುತ್ತು ಹಾಕಿತ್ತು. ಆಮೇಲೆ ಅದರ ನಡುಭಾಗ ಸುರುಳಿಯಾಯಿತು. ಅರ್ಧ ಒಂದು ದಿಕ್ಕಿಗೆ, ಇನ್ನರ್ಧ ಅದರ ವಿರುದ್ಧ ದಿಕ್ಕಿಗೆ. ಗಾಳಿಗೆ ಎಳೆದಾಡಿದರೂ ಹರಿಯದಿರಲು ಅದು ತಾನೇ ಮಾಡಿಕೊಂಡ ಸ್ಪ್ರಿಂಗು. ಬಳ್ಳಿಯನ್ನು ಅಬಲೆಯೆಂದು ಬಣ್ಣಿಸಿದ ಕವಿಗಳು ಇದನ್ನು ಹತ್ತಿರದಿಂದ ನೋಡಿರಲಾರರು.

ಬಸಳೆಗೆ ತಂತುಗಳಿಲ್ಲ, ದಂಟೇ ಆಸರೆಯನ್ನು ಸುತ್ತಿ ಏರುತ್ತದೆ. ನಮ್ಮ ಹಿತ್ತಲಿನ ಹಾಲುವಾಣ ಮರಕ್ಕೆ ಹಬ್ಬಿದ್ದ ಕಾಳುಮೆಣಸು ಗಿಣ್ಣುಗಿಣ್ಣಿನಲ್ಲೂ ಬೇರು ಬಿಟ್ಟು ತೊಗಟೆಗೆ ಅಂಟಿಕೊಂಡಿತ್ತು. ಕಾಗದದ ಹೂವಿನ ಗಿಡ ಮುಳ್ಳುಗಳನ್ನೇ ಕೊಕ್ಕೆಯಾಗಿಸಿಕೊಂಡು ಮೇಲೇರುತ್ತದೆ. ಅಮೃತಬಳ್ಳಿಯ ಹಟವೇ ಬೇರೆ: ಬುಡ ಕಡಿದರೂ ಮೇಲಿನ ತುಂಡು ದಾರದಂಥ ಬೇರನ್ನು ಇಳಿಬಿಟ್ಟು ಮಣ್ಣನ್ನು ಹುಡುಕುತ್ತದೆ.

ಡಾರ್ವಿನ್ ಕಾಯಿಲೆಯಿಂದ ಕೋಣೆಯಲ್ಲೇ ಉಳಿದಿದ್ದಾಗ ಕುಂಡದ ಹಾಪ್ ಬಳ್ಳಿಯನ್ನು ಗಮನಿಸುತ್ತ ಕಾಲ ಕಳೆದನಂತೆ. ಅದರ ತುದಿ ಆಸರೆಯನ್ನರಸಿ ಸುಮಾರು 2 ಗಂಟೆಗೊಮ್ಮೆ ಒಂದು ಸುತ್ತು ತಿರುಗುತ್ತಿತ್ತು. ಬಳ್ಳಿಗಳ ಕುರಿತ ಅವನ ದೀರ್ಘ ಪ್ರಬಂಧ ಪ್ರಕಟವಾದದ್ದು 1865ರಲ್ಲಿ. ಇದನ್ನು ಅಮ್ಮನಿಗೆ ಹೇಳಿದೆ. ಅವಳು ಏನೂ ಹೇಳಲಿಲ್ಲ. ಆದರೆ ಮರುದಿನ ನಾನು ಕಚೇರಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ, “ಬಸಳೆಯ ಕುಡಿ ಬೆಳಿಗ್ಗೆ ರಸ್ತೆಯ ಕಡೆಗಿತ್ತು, ಮಧ್ಯಾಹ್ನ ನಮ್ಮ ಅಡುಗೆಮನೆಯ ಕಡೆಗೆ ತಿರುಗಿತ್ತು” ಎಂದಳು. ಈ ಮನೆಗೆ ಬಂದ ಮೇಲೆ ಅವಳಾಗಿ ನನಗೆ ತಿಳಿಸಿದ ಮೊದಲ ಸುದ್ದಿ ಅದು.

ಕಳೆದ ವಾರ ಪಕ್ಕದ ಮನೆಯ ಮರಾಠಿ ಹೆಂಗಸು ಬಾಲ್ಕನಿಯನ್ನು ಇಣುಕಿ ನೋಡಿ, “ಮಾಯಾಳು!” ಎಂದು ಹಿಗ್ಗಿದಳು. ಬಸಳೆಗೆ ಇಲ್ಲಿ ಆ ಹೆಸರು. ಅಮ್ಮನಿಗೆ ಮರಾಠಿ ಬಾರದು. ಎರಡು ದಂಟು ಮುರಿದು ಅವಳ ಕೈಗಿಟ್ಟು, ಬೆರಳನ್ನು ನೆಟ್ಟಗೆ ನಿಲ್ಲಿಸಿ ತೋರಿಸುತ್ತ “ಕಡ್ಡಿ, ಕಡ್ಡಿ” ಎಂದಳು.

“ಕಾಡೀ?” ಎಂದಳು ಆಕೆ.

“ಹಾಂ, ಅದೇ” ಎಂದು ಅಮ್ಮ ಹಿಡಿಸೂಡಿಯನ್ನೂ ಎತ್ತಿಕೊಂಡು ಅವಳ ಹಿಂದೆಯೇ ಹೊರಟಳು. ಸಂಜೆ ಕಸ ಗುಡಿಸಲು ಹೋದಾಗ ನನಗೆ ಉಳಿದದ್ದು ಅರ್ಧ ಹಿಡಿಸೂಡಿ.