ಉಡದಾರದ ಲೆಕ್ಕ

ಅಮೀನಗಡದ ಕುರಿ ಸಂತೆಯಲ್ಲಿ ಕೈ ಮಾಡುವ ಕೆಲಸವನ್ನು ತೂಕದ ಕಾಟಾ ಮಾಡಲಾರದು. ಕೊಳ್ಳುವವನು ಮೊದಲು ಕುರಿಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆಮೇಲೆ ತುಟಿ ಬಿಡಿಸಿ ಹಲ್ಲು ನೋಡುತ್ತಾನೆ. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕು ಹಲ್ಲೋ ಎಂಬುದರಲ್ಲೇ ವಯಸ್ಸು ತಿಳಿಯುತ್ತದೆ. ಕೊನೆಗೆ ಅಂಗೈಯನ್ನು ಬೆನ್ನಿನ ಮೇಲಿಟ್ಟು ಬೆನ್ನೆಲುಬಿನ ಎರಡೂ ಬದಿಗೆ ಬೆರಳೊತ್ತುತ್ತಾನೆ. ಎಲುಬು ಚುಚ್ಚಿದರೆ ಸೊರಗಿದ ಕುರಿ. ಎಷ್ಟು ಒತ್ತಿದರೂ ಎಲುಬು ಸಿಗದಿದ್ದರೆ ಕೊಬ್ಬು ಏರಿದೆ ಎಂದರ್ಥ. ಒತ್ತಿದಾಗ ಎಲುಬು ಸಿಗಬೇಕು, ಆದರೆ ಸುತ್ತ ಮಾಂಸ ಗಟ್ಟಿಯಾಗಿ ತುಂಬಿರಬೇಕು. ಪಶುವೈದ್ಯರು ಇದೇ ಪರೀಕ್ಷೆಗೆ ಐದರವರೆಗೆ ಅಂಕ ಕೊಟ್ಟು ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಓದು ಬರಹ ಬಾರದ ಕುರಿಗಾರನ ಬೆರಳಿಗೂ ಅದು ಬರುತ್ತದೆ. ಬೆಳಗಿನಿಂದ ಮೇಯಿಸಿ, ಹೊಟ್ಟೆ ತುಂಬ ನೀರು ಕುಡಿಸಿ ತಂದ ಕುರಿ ಕಾಟಾದಲ್ಲಿ ಹೆಚ್ಚು ತೂಗುತ್ತದೆಂದು ಅವನಿಗೆ ಗೊತ್ತು. ಅದಕ್ಕೇ ಅವನು ಬೆನ್ನನ್ನು ಕೇಳುತ್ತಾನೆ.

ಇಷ್ಟು ತಿಳಿದ ಊರಿನಲ್ಲಿ ಮನುಷ್ಯರ ಮೈಯ ಮಾತು ಬಂದಾಗ ಮಾತ್ರ ಒಂದೇ ಪ್ರಶ್ನೆ ಉಳಿದಿದೆ. ನಸುಕಿನಲ್ಲಿ ಹುನಗುಂದದ ರಸ್ತೆಗುಂಟ ಅಡ್ಡಾಡಲು ಹೋಗುವವರು ಎದುರಾದರೆ ಸಾಕು, "ಎಷ್ಟ ಇಳೀತ್ರಿ?" ಎಂದು ಕೇಳುತ್ತಾರೆ. ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಮೊನ್ನೆ ಕಣ್ಣಲ್ಲಿ ನೀರು ತಂದುಕೊಂಡಳು. "ಅಣ್ಣಾರ, ದೀಪಾವಳಿಯಿಂದ ಅಡ್ಡಾಡಾಕ ಹತ್ತೇನ್ರಿ. ಎಣ್ಣಿ ಬಿಟ್ಟೆ, ಸಕ್ರಿ ಬಿಟ್ಟೆ. ಕಾಟಾ ಮ್ಯಾಗ ನಿಂತ್ರ ಇದ್ದಲ್ಲೇ ಐತಿ. ಇನ್ನ ಬಿಟ್ಟಬಿಡ್ತೀನ್ರಿ." ಅವಳ ಈ ಮಾತು ನನ್ನನ್ನು ಬಹಳ ಕಾಡಿತು. ದಿನಾ ನಸುಕಿನಲ್ಲೆದ್ದು, ಮನೆಯ ಕೆಲಸ ಮುಗಿಸಿ, ಮಂದಿಯ ಕಣ್ಣು ತಪ್ಪಿಸಿಕೊಂಡು ಅಷ್ಟು ದೂರ ನಡೆದ ಒಬ್ಬಳ ಶ್ರಮವನ್ನು ಒಂದು ಅಂಕಿ ಬಂದು ಇಲ್ಲವೆಂದು ಹೇಳುವುದು ಅನ್ಯಾಯ.

ಆ ಅಂಕಿಯೊಳಗೆ ಏನೇನು ಕೂಡಿರುತ್ತದೆ ನೋಡಿ. ಎಲುಬು, ಮಾಂಸಖಂಡ, ಕೊಬ್ಬು, ರಕ್ತ, ನಿನ್ನೆ ಉಂಡ ಊಟ, ಕುಡಿದ ನೀರು. ನಮ್ಮ ಮೈ ಸಕ್ಕರೆಯನ್ನು ಗ್ಲೈಕೋಜೆನ್ ರೂಪದಲ್ಲಿ ಸ್ನಾಯುಗಳಲ್ಲಿ ಕೂಡಿಟ್ಟುಕೊಳ್ಳುತ್ತದೆ. ಅದರ ಒಂದು ಗ್ರಾಂ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಳ್ಳುತ್ತದೆ. ಉಪವಾಸ ಹಿಡಿದವರ ತೂಕ ಮೊದಲ ವಾರ ಸರಸರ ಇಳಿಯುವುದಕ್ಕೆ ಬಹುಪಾಲು ಈ ನೀರೇ ಕಾರಣ. ಮದುವೆಮನೆಯ ಊಟದ ಮರುದಿನ ಒಂದೂವರೆ ಕಿಲೋ ಏರುವುದಕ್ಕೂ ಇದೇ ನೀರು ಕಾರಣ, ಜೊತೆಗೆ ಉಪ್ಪು. ಹೆಂಗಸರಿಗೆ ತಿಂಗಳ ದಿನಗಳ ಏರಿಳಿತವೂ ಸೇರುತ್ತದೆ. ಇನ್ನು, ಹೊಸದಾಗಿ ಮೈ ದಣಿಸುವವರಲ್ಲಿ ಕೊಬ್ಬು ಕರಗುತ್ತಿರುವಾಗಲೇ ಸ್ನಾಯು ಬೆಳೆಯುವುದುಂಟು. ಒಂದೇ ತೂಕದ ಕೊಬ್ಬಿಗಿಂತ ಸ್ನಾಯುವಿಗೆ ಜಾಗ ಕಡಿಮೆ ಸಾಕು. ಹಾಗಾಗಿ ತೂಕ ಅಷ್ಟೇ ಇದ್ದು ಕುಪ್ಪಸ ಸಡಿಲಾಗುತ್ತದೆ. ಗುಳೇದಗುಡ್ಡದ ಖಣದ ಕುಪ್ಪಸ ಮೈಗೆ ಅಂಟಿದಂತೆ ಹೊಲಿಸುವಂಥದ್ದು. ರಟ್ಟೆಯಲ್ಲಿ ಒಂದು ಬೆರಳಷ್ಟು ಬದಲಾದರೂ ಅದು ತೋಳಿಗೇ ತಿಳಿಯುತ್ತದೆ. ಆ ಹೆಣ್ಣುಮಗಳಿಗೆ ನಾನು ಕೇಳಿದ್ದು ಇದನ್ನೇ. "ಕುಪ್ಪಸ ಹೆಂಗ ಐತವ್ವಾ?" ಅವಳು ಸ್ವಲ್ಪ ಹೊತ್ತು ಯೋಚಿಸಿ, "ಅದೇನೋ ಸಡಿಲ ಬರಾಕತ್ತೈತ್ರಿ" ಎಂದಳು. ಅದೂ ಒಂದು ಫಲವೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಎತ್ತರಕ್ಕೂ ತೂಕಕ್ಕೂ ಗಂಟು ಹಾಕಿ ಬಿಎಂಐ ಎಂದು ಇಂದು ಎಲ್ಲ ದವಾಖಾನೆಗಳಲ್ಲಿ ಬರೆಯುವ ಸೂತ್ರ ಮೂಲತಃ ವೈದ್ಯನದಲ್ಲ. ಬೆಲ್ಜಿಯಂನ ಅಡಾಲ್ಫ್ ಕ್ವೆಟೆಲೆ ಖಗೋಳವನ್ನೂ ಅಂಕಿಅಂಶಗಳನ್ನೂ ಓದಿಕೊಂಡವನು. ಜನಸಮೂಹದ ಸರಾಸರಿ ಮನುಷ್ಯ ಹೇಗಿರುತ್ತಾನೆಂದು ತಿಳಿಯಲು 1830ರ ದಶಕದಲ್ಲಿ ಈ ಲೆಕ್ಕ ಹಾಕಿದ. ಅದಕ್ಕೆ ಈಗಿನ ಹೆಸರು ಬಂದದ್ದು 1972ರಲ್ಲಿ, ಆನ್ಸೆಲ್ ಕೀಸ್ ಮತ್ತು ಸಂಗಡಿಗರ ಲೇಖನದಿಂದ. ಸಮೂಹಕ್ಕೆ ಹೊಂದುವ ಲೆಕ್ಕ ಒಬ್ಬೊಬ್ಬರಿಗೂ ಹೊಂದಬೇಕೆಂದಿಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಅಚ್ಚುಹಾಕಿಸಿ ಇದನ್ನು ತೋರಿಸಿಕೊಟ್ಟರು. ಇಬ್ಬರ ಬಿಎಂಐಯೂ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ತೆಳ್ಳಗೆ ಕಾಣುವ ಭಾರತೀಯರ ಒಡಲಲ್ಲಿ ಕೊಬ್ಬು ಅಡಗಿ ಕೂತಿರುತ್ತದೆ, ಅದೂ ಹೊಟ್ಟೆಯ ಸುತ್ತ. ನಮ್ಮವರಿಗೆ ಸಕ್ಕರೆ ಕಾಯಿಲೆ ಬೇಗ ಬರುವುದಕ್ಕೆ ಇದೂ ಒಂದು ಕಾರಣ. ಭಾರತೀಯರಿಗೆ 23 ದಾಟಿದರೇ ಎಚ್ಚರ ಬೇಕೆಂದು ವೈದ್ಯರು ಗೆರೆಯನ್ನು ಕೆಳಗಿಳಿಸಿದ್ದಾರೆ, ಸರಿ. ಆದರೂ ಕೊಬ್ಬು ಎಲ್ಲಿ ಕೂತಿದೆ ಎಂಬುದನ್ನು ಯಾವ ಕಾಟಾವೂ ಹೇಳುವುದಿಲ್ಲ.

ಅದನ್ನು ಉಡದಾರ ಹೇಳುತ್ತದೆ. ತೊಟ್ಟಿಲಲ್ಲಿರುವಾಗಲೇ ನಡುವಿಗೆ ಬರುವ ಕರಿದಾರ ಅದು. ಉಳ್ಳವರ ಮನೆಯಲ್ಲಿ ಬೆಳ್ಳಿಯದು. ಮಗು ಮೈ ತುಂಬಿಕೊಂಡಂತೆ ಅಜ್ಜಿ ಗಂಟು ಸಡಿಲಿಸುತ್ತಾಳೆ. ದಾರ ಬಿಗಿಯಾಯಿತೆಂದು ಅವಳು ಹಿಗ್ಗುವುದು ಕೂಸಿನ ಬೆಳವಣಿಗೆ ಕಂಡು. ಗಂಡಸಿಗೆ ನಲವತ್ತು ದಾಟಿದ ಮೇಲೆ ಅದೇ ಬಿಗಿತ ಬೇರೆ ಸುದ್ದಿ ತರುತ್ತದೆ. ದಾರ ಹೊಟ್ಟೆಯ ಕೆಳಗೆ ಜಾರಿ ಅವಿತುಕೊಳ್ಳುವುದರಿಂದ ಆ ಸುದ್ದಿಯನ್ನು ಬಹಳ ಮಂದಿ ಓದುವುದಿಲ್ಲ. ಸರಿಯಾಗಿ ಅಳೆಯಬೇಕಾದರೆ ಕೆಳಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆಯನ್ನು ಒಳಗೆಳೆಯದೆ ಅಳೆಯಬೇಕು. ನಮ್ಮ ನಾಡಿನ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅಷ್ಟರೊಳಗೆ ಇರಲಿ ಎನ್ನುತ್ತಾರೆ ವೈದ್ಯರು. ಟೇಪು ಇಲ್ಲದಿದ್ದರೂ ನಡೆಯುತ್ತದೆ. ಸೂಳೇಬಾವಿ, ಕಮತಗಿ, ಇಳಕಲ್ಲುಗಳಂಥ ನೇಕಾರರ ಊರುಗಳ ನಡುವೆ ಬದುಕುವ ನಮಗೆ ನೂಲಿಗೇನು ಬರವೇ? ನಿಮ್ಮ ಎತ್ತರದಷ್ಟು ಉದ್ದದ ಒಂದು ಎಳೆ ತೆಗೆದುಕೊಂಡು ಎರಡು ಮಡಿಕೆ ಮಾಡಿ ನಡುವಿಗೆ ಸುತ್ತಿ. ತುದಿಗಳು ಕೂಡಿದರೆ ನಿಶ್ಚಿಂತೆ. ಕೂಡದಿದ್ದರೆ ಎಷ್ಟು ಬೆರಳು ಅಂತರ ಇದೆಯೋ ಗುರುತಿಟ್ಟುಕೊಂಡು ಮುಂದಿನ ಹುಣ್ಣಿಮೆಗೆ ಮತ್ತೆ ಸುತ್ತಿ ನೋಡಿ. ದಿನಾ ಅಳೆಯುವುದು ಬೇಡ, ಮೈ ಅಷ್ಟು ಅವಸರದಲ್ಲಿ ಬದಲಾಗುವುದಿಲ್ಲ.

ಹೊಟ್ಟೆಯ ಮಾತು ಇಷ್ಟಾದರೆ, ಬಲದ ಮಾತಿಗೆ ನಮ್ಮ ಗರಡಿಮನೆಗಳೇ ಗುರುಗಳು. ಈ ಭಾಗದ ಎಷ್ಟೋ ಹಳ್ಳಿಗಳಲ್ಲಿ ಹನುಮಪ್ಪನ ಗುಡಿಯ ಮುಂದೆ ಒಂದು ಗುಂಡುಕಲ್ಲು ಬಿದ್ದಿರುತ್ತದೆ. ಜಾತ್ರೆ ಬಂದಾಗ ಸಂಗ್ರಾಣಿ ಕಲ್ಲು, ಜೋಳದ ಚೀಲ, ಉಸುಕಿನ ಚೀಲ ಎತ್ತುವ ಪೈಪೋಟಿಗಳು ನಡೆಯುತ್ತವೆ. ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಭಾರ ಎತ್ತುವ ಸ್ಪರ್ಧೆ ನೋಡಲು ಜನ ಕಿಕ್ಕಿರಿದು ನಿಲ್ಲುತ್ತಾರೆ. ಗುಂಡಿನಲ್ಲಿ ನನಗೆ ಮೆಚ್ಚುಗೆಯಾದ ಸಂಗತಿಯೆಂದರೆ ಅದರ ತೂಕ ಎಂದೂ ಬದಲಾಗುವುದಿಲ್ಲ. ಮೊದಲ ವರ್ಷ ಹುಡುಗ ಅದನ್ನು ನೆಲದಿಂದ ಕದಲಿಸುತ್ತಾನೆ. ಮುಂದೆ ಮೊಣಕಾಲಿಗೆ ತರುತ್ತಾನೆ. ಆಮೇಲೆ ಎದೆಗೆ. ಒಂದು ಜಾತ್ರೆಯಲ್ಲಿ ಹೆಗಲ ಮೇಲಿಂದ ಹಿಂದಕ್ಕೆ ಒಗೆಯುತ್ತಾನೆ. ಊರಿಗೆ ಊರೇ ಅವನ ಬೆಳವಣಿಗೆಯನ್ನು ಓದಿಕೊಳ್ಳುತ್ತದೆ, ಅವನು ಎಷ್ಟು ಕಿಲೋ ಇದ್ದಾನೆಂದು ಯಾರೂ ಕೇಳುವುದಿಲ್ಲ. ಇದನ್ನೇ ಮನೆಯಲ್ಲೂ ಮಾಡಬಹುದು. ಕುಡಿಯುವ ನೀರಿನ ಅದೇ ಕೊಡ, ಅದೇ ದೂರ, ಹೋದ ತಿಂಗಳು ಎಲ್ಲಿ ಇಳಿಸಿದಿರಿ, ಈ ತಿಂಗಳು ಎಲ್ಲಿ?

ಕೈಯ ಹಿಡಿತದ ಮೇಲೆ ದೊಡ್ಡ ಅಧ್ಯಯನವೇ ಆಗಿದೆ. ಭಾರತವೂ ಸೇರಿ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಮುಷ್ಟಿಯ ಬಲ ಅಳೆದು ವರ್ಷಗಟ್ಟಲೆ ಗಮನಿಸಿದರು. 2015ರಲ್ಲಿ ಅದರ ಫಲಿತಾಂಶ ಬಂತು. ಹಿಡಿತ 5 ಕಿಲೋ ಕಡಿಮೆಯಿದ್ದಂತೆಲ್ಲ ಸಾವಿನ ಸಂಭವ ಶೇ 16ರಷ್ಟು ಹೆಚ್ಚಿತ್ತು. ರಕ್ತದೊತ್ತಡದ ಮೇಲಿನ ಅಂಕಿಗಿಂತಲೂ ಹಿಡಿತವೇ ಮುಂದಿನದನ್ನು ಚೆನ್ನಾಗಿ ಸೂಚಿಸಿತು. ಒದ್ದೆ ಇಳಕಲ್ ಸೀರೆಯನ್ನು ಹಿಂಡುವ, ಬಾವಿಯ ಹಗ್ಗ ಜಗ್ಗುವ, ಜೋಳದ ದಂಟು ಕೊಯ್ಯುವ ಕೈಗಳ ಬಲವನ್ನು ನಾವು ಕೆಲಸವೆಂದಷ್ಟೇ ತಿಳಿದಿದ್ದೆವು. ಅದು ಆಯುಷ್ಯದ ಲಕ್ಷಣವೂ ಹೌದು.

ನೆಲದ ಮೇಲೆ ಕೂತು ಏಳುವುದೂ ಅಂಥದ್ದೇ. ಬ್ರೆಜಿಲ್‌ನ ವೈದ್ಯ ಕ್ಲಾಡಿಯೊ ಗಿಲ್ ಅರಾಉಜೊ ಅದಕ್ಕೆ ಹತ್ತು ಅಂಕದ ಪರೀಕ್ಷೆ ಮಾಡಿದ. ಕೂರುವುದಕ್ಕೆ ಐದು, ಏಳುವುದಕ್ಕೆ ಐದು. ಕೈಯನ್ನೋ ಮೊಣಕಾಲನ್ನೋ ನೆಲಕ್ಕೂರಿದರೆ, ತೊಡೆ ಹಿಡಿದು ಎದ್ದರೆ, ಪ್ರತಿ ಆಸರೆಗೂ ಒಂದೊಂದು ಅಂಕ ಕಳೆಯುತ್ತಾರೆ. 51ರಿಂದ 80 ವಯಸ್ಸಿನ 2002 ಜನರನ್ನು ನೋಡಿ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮೂರಕ್ಕಿಂತ ಹೆಚ್ಚು ಅಂಕ ಗಳಿಸಲಾಗದವರಲ್ಲಿ ಸಾವಿನ ಸಂಭವ ಎಂಟು ಅಥವಾ ಅದಕ್ಕೂ ಹೆಚ್ಚು ಗಳಿಸಿದವರಿಗಿಂತ ಐದು ಪಟ್ಟಿಗೂ ಹೆಚ್ಚು. ನಮ್ಮಲ್ಲಿ ಈ ಪರೀಕ್ಷೆ ಪ್ರತಿ ಪಂಕ್ತಿಯಲ್ಲಿ ನಡೆಯುತ್ತಿತ್ತು. ಚಕ್ಕಳಮಕ್ಕಳ ಹಾಕಿ ಉಂಡು, ಎಂಜಲ ಕೈಯನ್ನು ನೆಲಕ್ಕೆ ತಾಗಿಸದೆ ಏಳಬೇಕಿತ್ತಲ್ಲ! ಕುಣಿಮಗ್ಗದ ನೇಕಾರ ದಿನಕ್ಕೆ ಎಷ್ಟು ಸಲ ಕುಣಿಯೊಳಗೆ ಇಳಿದು ಏಳುತ್ತಾನೆ, ನೆಲದ ಒಲೆಯ ಮುಂದೆ ರೊಟ್ಟಿ ಬಡಿಯುವವಳು ಎಷ್ಟು ಸಲ ಎದ್ದು ಕೂರುತ್ತಾಳೆ ಎಂದು ಯಾರೂ ಲೆಕ್ಕ ಇಟ್ಟಿಲ್ಲ. ಕಲ್ಯಾಣಮಂಟಪಗಳಿಗೆ ಟೇಬಲ್ಲು ಬಂದಿವೆ, ಒಲೆ ಕಟ್ಟೆಯ ಮೇಲೆ ಹೋಗಿದೆ. ಹೊಗೆ ತಿನ್ನುತ್ತ ಕೂತಿದ್ದ ಹೆಂಗಸರಿಗೆ ಅದರಿಂದ ಸುಖವಾಗಿದೆ, ಆ ಸುಖ ಅವರಿಗೆ ಸಲ್ಲಬೇಕಾದದ್ದೇ. ಆದರೆ ನೆಲದ ರೂಢಿಯನ್ನು ದಿನಕ್ಕೊಂದು ಊಟದಲ್ಲಾದರೂ ಉಳಿಸಿಕೊಳ್ಳುವುದು ಒಳ್ಳೆಯದು. ಮೊಣಕಾಲು ನೋವಿರುವವರನ್ನು ಮಾತ್ರ ಇದಕ್ಕೆ ಒತ್ತಾಯಿಸಬಾರದು.

ಉಸಿರಿಗೆ ನಮ್ಮ ಅಳತೆಗೋಲು ಹತ್ತಿರದ ಐಹೊಳೆಯಲ್ಲಿದೆ. ಮೇಗುತಿ ಗುಡ್ಡದ ಮೇಲೆ, ರವಿಕೀರ್ತಿ 634ರಲ್ಲಿ ಪುಲಕೇಶಿಯ ಶಾಸನ ಬರೆಸಿದ ಬಸದಿಯಿದೆ. ಅಲ್ಲಿಗೆ ಮೆಟ್ಟಿಲು ಹತ್ತುವಾಗ ಜೊತೆಗಿದ್ದವರೊಡನೆ ಮಾತಾಡಲು ಆಗುತ್ತದೆಯೇ? ಮೇಲೆ ಹೋಗಿ ನಿಂತ ಮೇಲೆ ಏದುಸಿರು ಎಷ್ಟು ಬೇಗ ತಹಬಂದಿಗೆ ಬರುತ್ತದೆ? ಹೃದಯ ಗಟ್ಟಿಯಾದಂತೆಲ್ಲ ದಣಿವಿನ ನಂತರ ನಾಡಿ ಬೇಗ ಇಳಿಯುತ್ತದೆ, ಬೆಳಗ್ಗೆ ಏಳುವ ಮುನ್ನ ಎಣಿಸಿದರೂ ಮೊದಲಿಗಿಂತ ನಿಧಾನವಾಗಿರುತ್ತದೆ. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಸೈಕಲ್ ಹುಡುಗ ಹುಡುಗಿಯರಿಗೆ ಇದು ದಿನದ ಪಾಠ. ಯುಗಾದಿಯ ಮುಂಚೆ ಶ್ರೀಶೈಲದ ಕಡೆ ಕಂಬಿ ಹೊತ್ತು ಪಾದಯಾತ್ರೆ ಹೋಗುವವರೂ ಇದನ್ನು ಬಲ್ಲರು. ಹೊಸಬರು ಮೊದಲ ದಿನ ಕುಸಿಯುತ್ತಾರೆ, ಹಳಬರು ಮಲ್ಲಯ್ಯನ ಹಾಡು ಹೇಳುತ್ತ ನಡೆಯುತ್ತಾರೆ. ಹಾಡಲು ಉಸಿರು ಮಿಕ್ಕಿರುವುದೇ ಅವರ ಕಸುವು.

ಅಮೀನಗಡದವನಾಗಿ ಕರದಂಟಿನ ಮಾತು ಬಿಟ್ಟರೆ ಊರು ಮೆಚ್ಚದು. 1907ರಿಂದ ಇಲ್ಲಿ ಈ ಸಿಹಿಯ ವ್ಯಾಪಾರ ನಡೆದಿದೆ. ತುಪ್ಪದಲ್ಲಿ ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಬದಾಮಿ, ಉತ್ತತ್ತಿ. ಬಾಣಂತಿಗೆ, ಗರಡಿಯ ಪೈಲ್ವಾನನಿಗೆ ಕೊಡುತ್ತಿದ್ದ ತಿನಿಸು ಇದು. ಇಬ್ಬರೂ ಮೈಯನ್ನು ಪೂರ್ತಿ ಸವೆಸಿದವರು, ಇಬ್ಬರಿಗೂ ತುಂಬಿಕೊಳ್ಳುವ ಅಗತ್ಯವಿತ್ತು. ತೂಕ ಇಳಿಸುವ ಭರದಲ್ಲಿ ಬಾಣಂತಿಯ ಕೈಯಿಂದ ಇದನ್ನು ಕಸಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೆತ್ತು ಹಾಲೂಡಿಸುವವಳು ಬೇಗ ಸಣ್ಣಗಾಗಬೇಕೆಂದು ಬಯಸುವುದು ಎಂಥ ಕ್ರೌರ್ಯ. ಕೂತಲ್ಲೇ ಕೂತು ದುಡಿಯುವ ನಮ್ಮಂಥವರಿಗೆ ಒಂದು ತುಂಡು ಸಾಕು.

ತೂಕದ ಅಂಕಿಯನ್ನು ನಂಬಿದರೆ ಹೆಚ್ಚು ಪೆಟ್ಟು ಬೀಳುವುದು ಹೆಂಗಸರಿಗೇ. ದಪ್ಪಗಿರುವವಳಿಗೆ ಕಾಟಾ ಬೈಯುತ್ತದೆ, ತೆಳ್ಳಗಿರುವವಳಿಗೆ ಎಲ್ಲ ಸರಿಯಿದೆ ಎನ್ನುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಅವರಲ್ಲಿ ಎಷ್ಟೋ ಜನರ ತೂಕ ಪಟ್ಟಿಗೆ ಸರಿಯಾಗಿ ಹೊಂದುತ್ತದೆ. ಅಂಥವಳು ಎರಡು ಮೆಟ್ಟಿಲಿಗೇ ಕೂತುಬಿಡುತ್ತಾಳೆ, ಮಧ್ಯಾಹ್ನ ಕಣ್ಣು ಕತ್ತಲೆ ಬರುತ್ತದೆ, "ನನ್ನ ಮೈಯೇ ಹಿಂಗ" ಎಂದು ಸುಮ್ಮನಾಗುತ್ತಾಳೆ. ಅವಳಿಗೆ ಬೇಕಾದ ಅಳತೆ ಹಿಮೋಗ್ಲೋಬಿನ್. ಬೆರಳಿನ ಒಂದು ಹನಿ ರಕ್ತದಲ್ಲಿ ಅದು ತಿಳಿಯುತ್ತದೆ. ಗರ್ಭಿಣಿಯಲ್ಲದ ಹೆಂಗಸಿಗೆ ಒಂದು ಡೆಸಿಲೀಟರ್ ರಕ್ತದಲ್ಲಿ ಕನಿಷ್ಠ 12 ಗ್ರಾಂ ಇರಬೇಕು. ಕಬ್ಬಿಣಾಂಶದ ಗುಳಿಗೆ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತದೆ. ಮೂರು ತಿಂಗಳು ತಪ್ಪದೆ ನುಂಗಿದವರು ತಮ್ಮ ನಡಿಗೆಯೇ ಬದಲಾಯಿತೆಂದು ಹೇಳುತ್ತಾರೆ.

ನಮ್ಮ ಓಣಿಯ ಆ ಹೆಣ್ಣುಮಗಳು ನಡಿಗೆ ಬಿಟ್ಟಿಲ್ಲ. "ಮೇಗುತಿ ಹತ್ತೂವಾಗ ಹೋದ ವರ್ಷ ಎರಡ ಕಡೆ ಕುಂತಿದ್ನಿರಿ, ಈ ಸಲ ಮಾತಾಡಿಕೋತ ಹೋಗಿಬಿಟ್ನಿ" ಎಂದು ಹೇಳುವಾಗ ಅವಳ ದನಿಯಲ್ಲಿ ಬಿಂಕವಿತ್ತು. ಈಗ ಓಣಿಯ ನಾಲ್ಕು ಮಂದಿ ಹೆಂಗಸರನ್ನು ಕೂಡಿಸಿಕೊಂಡು ಬರುವ ಸೋಮವಾರ ರಕ್ತ ತೋರಿಸಲು ಹೊರಟಿದ್ದಾಳೆ. ಜೊತೆಗೆ ತನ್ನ ಅತ್ತೆಯನ್ನೂ ಎಬ್ಬಿಸಿಕೊಂಡು ಹೋಗುವವಳಂತೆ.