ವಿಮಾನಪುರದಲ್ಲಿ ಕಂಡದ್ದು

ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆಗೆ ನಾನು ಅಪ್ರೆಂಟಿಸನಾಗಿ ಸೇರಿದ ಕಾಲದಲ್ಲಿ, ಅಲ್ಲಿ ಒಂದು ಕಡೆ ರೈಲುಗಾಡಿಯ ಬೋಗಿಗಳೂ ಇನ್ನೊಂದು ಕಡೆ ವಿಮಾನಗಳೂ ಸಿದ್ಧವಾಗುತ್ತಿದ್ದುವು. ವಿಮಾನಗಳಲ್ಲಿಯೂ ಎರಡು ಕುಲ: ಡಾಕ್ಟರ್ ವಿ. ಎಂ. ಘಾಟಗೆಯವರ ಬಳಗವು ಇಲ್ಲಿಯೇ ರೂಪಿಸಿ 1951ರಲ್ಲಿ ಹಾರಿಸಿದ್ದ ಎಚ್‌ಟಿ-2 ಎಂಬ ತರಬೇತಿ ವಿಮಾನ ಒಂದು. ಆಂಗ್ಲರ ಪರವಾನಗಿ ಪಡೆದು ಅವರ ನಕ್ಷೆಯಂತೆ ಕಟ್ಟುತ್ತಿದ್ದ ವ್ಯಾಂಪೈರ್ ಜೆಟ್ ಮತ್ತೊಂದು.

ಕೆಲಸಗಾರನ ಕೈಗೆ ಇವೆರಡರ ಭೇದ ತಿಳಿಯುತ್ತಿರಲಿಲ್ಲ. ಕುಲುಮೆಯಲ್ಲಿ ಕಾಯಿಸಿ ನೀರಿನಲ್ಲಿ ತಣಿಸಿದ ಮಿಶ್ರಲೋಹದ ರಿವೆಟ್ಟುಗಳನ್ನು ಶೀತಪೆಟ್ಟಿಗೆಯಲ್ಲಿರಿಸಿ, ಬೇಕಾದಷ್ಟನ್ನೇ ಹೊರಕ್ಕೆ ತಂದು, ಅವು ತಾವಾಗಿ ಗಡುಸಾಗುವ ಮೊದಲೇ ಬಡಿದು ಮುಗಿಸಬೇಕು. ತಡವಾದರೆ ತಲೆ ಸೀಳುತ್ತಿದ್ದಿತು, ತನಿಖೆಯವರು ಅದನ್ನು ಕೊರೆದು ತೆಗೆಸುತ್ತಿದ್ದರು. ಭೇದ ತಿಳಿಯುತ್ತಿದ್ದುದು ತೂತಿಗೆ ತೂತು ಕೂಡದೆ ಹೋದಾಗ. ನಮ್ಮ ನಕ್ಷೆಯಾದರೆ ಅದನ್ನು ಬರೆದವರೇ ಪೆನ್ಸಿಲು ಹಿಡಿದು ಬಂದು, ಇಲ್ಲಿ ಭಾರ ಎಷ್ಟು ಬೀಳುತ್ತದೆ, ಎಷ್ಟು ಸರಿಸಿದರೆ ಬಾಧಕವಿಲ್ಲ ಎಂದು ಕಾರಣಸಹಿತವಾಗಿ ವಿವರಿಸುತ್ತಿದ್ದರು. ಪರದೇಶದ ನಕ್ಷೆಯಾದರೆ ಪ್ರಶ್ನೆ ಕಡಲು ದಾಟಿ ಹೋಗಬೇಕು, ಉತ್ತರ ಕಡಲು ದಾಟಿ ಬರಬೇಕು, ಬಂದ ಉತ್ತರದಲ್ಲಿ ಅಳತೆಯಿರುತ್ತಿದ್ದಿತೇ ಹೊರತು ಕಾರಣವಿರುತ್ತಿರಲಿಲ್ಲ. ಆದರೂ ಗೇಜು, ಜಿಗ್ಗು, ತನಿಖೆಗಳ ಶಿಸ್ತನ್ನು ಆ ಪರವಾನಗಿಯ ಕೆಲಸವೇ ನಮಗೆ ಕಲಿಸಿತೆಂಬುದನ್ನು ಮರೆಯಲಾಗದು.

1956ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಅವರು ಬಂದು, ನಮ್ಮ ತರುಣ ಇಂಜಿನಿಯರುಗಳನ್ನು ಜೊತೆಗಿರಿಸಿಕೊಂಡು, ಎಚ್‌ಎಫ್-24 ಎಂಬ ಯುದ್ಧವಿಮಾನದ ವಿನ್ಯಾಸಕ್ಕೆ ತೊಡಗಿದರು. ಮೊದಲು ಅದೇ ಗಾತ್ರದ ಮರದ ಗ್ಲೈಡರನ್ನು ಕಟ್ಟಿ, ಡಕೋಟ ವಿಮಾನಕ್ಕೆ ಬಿಗಿದು ಎಳೆಸಿ ಹಾರಿಸಿ ಪರೀಕ್ಷಿಸಿದರು. 1961ರ ಜೂನ್ ತಿಂಗಳಲ್ಲಿ ವೈಮಾನಿಕ ಸುರಂಜನ್ ದಾಸರು ನಿಜವಾದ ವಿಮಾನವನ್ನೇ ಮೇಲಕ್ಕೊಯ್ದ ದಿನಗಳಲ್ಲಿ ಷೆಡ್ಡಿನ ಕಟ್ಟಕಡೆಯ ಸಹಾಯಕನೂ ತಲೆಯೆತ್ತಿ ನಡೆಯುತ್ತಿದ್ದನು.

ಆದರೆ ಒಡಲು ನಮ್ಮದಾದರೂ ಇಂಜಿನು ನಮ್ಮದಾಗಿರಲಿಲ್ಲ. ಯಾವ ಆರ್ಫಿಯಸ್ 12 ಇಂಜಿನನ್ನು ನಂಬಿ ವಿಮಾನವನ್ನು ರೂಪಿಸಿದ್ದರೋ ಅದರ ಅಭಿವೃದ್ಧಿಯನ್ನು ಬ್ರಿಟನ್ ಕೈಬಿಟ್ಟಿತು. ಉಳಿದ ಖರ್ಚನ್ನು ಹೊರಲು ನಮ್ಮ ಸರ್ಕಾರವೂ ಒಪ್ಪಲಿಲ್ಲ. ಕಡೆಗೆ ಆರ್ಫಿಯಸ್ 703 ಇಂಜಿನುಗಳನ್ನೇ ಜೋಡಿಯಾಗಿ ಅಳವಡಿಸಲಾಯಿತು. ಶಬ್ದದ ಇಮ್ಮಡಿ ವೇಗವನ್ನು ಗುರಿಯಾಗಿಟ್ಟು ರೂಪಿಸಿದ ಒಡಲು, ಒಮ್ಮಡಿ ವೇಗವನ್ನು ಮುಟ್ಟುವುದಕ್ಕೇ ಏದುಸಿರು ಬಿಡುವಂತಾಯಿತು. 1971ರ ಯುದ್ಧದಲ್ಲಿ ಮಾರುತವೆಂದು ಹೆಸರಾದ ಈ ವಿಮಾನವು ಮರುಭೂಮಿಯ ಮೇಲೆ ಕೆಳಮಟ್ಟದಲ್ಲಿ ಹಾರಿ ಕರ್ತವ್ಯವನ್ನು ನಿರ್ವಹಿಸಿತಾದರೂ, ಒಟ್ಟು 147 ವಿಮಾನಗಳಿಗೆ ಅದರ ವಂಶ ನಿಂತಿತು.

ಅಷ್ಟರಲ್ಲಿ ಸೋವಿಯತ್ ಒಕ್ಕೂಟದ ಮಿಗ್-21 ಬಂದಿದ್ದಿತು. ನಾಸಿಕ, ಕೋರಾಪುಟ್, ಹೈದರಾಬಾದುಗಳಲ್ಲಿ ಅದಕ್ಕಾಗಿ ಕಾರ್ಖಾನೆಗಳೆದ್ದುವು. ಚೀಣೀ ಯುದ್ಧದಿಂದ ನೊಂದ ದೇಶಕ್ಕೆ, ಸಿದ್ಧವಾದ ವಿಮಾನವನ್ನು ಕೊಳ್ಳದೆ ನಮ್ಮ ಇಂಜಿನು ಹುಟ್ಟುವವರೆಗೆ ಕಾದಿರೆಂದು ಯಾರು ತಾನೆ ಹೇಳಬಲ್ಲರು? ನನ್ನ ವ್ಯಥೆ ಕೊಂಡುದಕ್ಕಲ್ಲ. ಕೊಂಡಮೇಲೆ ನಮ್ಮ ವಿನ್ಯಾಸದ ಮೇಜುಗಳಿಗೆ ತಕ್ಕ ಕೆಲಸವಿಲ್ಲದಂತಾದುದಕ್ಕೆ. ನಾವೇ ರೂಪಿಸಿದ ಮುಂದಿನ ಯುದ್ಧವಿಮಾನ ಇದೇ ಬೆಂಗಳೂರಿನ ಆಕಾಶಕ್ಕೇರಿದ್ದು 2001ರ ಜನವರಿ 4ರಂದು. ಅದರೊಳಗಿನ ಇಂಜಿನು ಅಮೆರಿಕದ್ದು. ನಕ್ಷೆ ಬರೆದವರು ಕರೆದರೆ ಬರುವಷ್ಟು ಸಮೀಪದಲ್ಲಿರಬೇಕೆಂದು ಷೆಡ್ಡಿನಲ್ಲಿ ಕಲಿತವನು ನಾನು. ಇಂಜಿನಿನ ವಿಷಯದಲ್ಲಿ ಅಂಥವರನ್ನು ಬೆಳೆಸುವ ವೆಚ್ಚ ಯುದ್ಧವಿಲ್ಲದ ವರ್ಷಗಳಲ್ಲಿ ದುಂದೆಂದು ತೋರುತ್ತದೆ. ಯುದ್ಧ ಬಂದಮೇಲೆ ಎಷ್ಟು ಹಣ ಸುರಿದರೂ ಅವರು ದೊರೆಯುವುದಿಲ್ಲ.