ಮನೆಯ ಮಾತು, ಊರಿನ ಅಟ್ಟ

ಬೆಳಗಾವಿಯಲ್ಲಿ ಖಾನಾಪುರದ ಬಸ್ಸು ಹತ್ತಿದವರ ಕಿವಿಗೆ ಮೂರು ಭಾಷೆಗಳು ಒಟ್ಟಿಗೇ ಬೀಳುತ್ತವೆ. ಕಂಡಕ್ಟರ್ ಕನ್ನಡದಲ್ಲಿ ಕೇಳುತ್ತಾನೆ, ಮುಂದಿನ ಸೀಟಿನ ಅಜ್ಜಿ ಮರಾಠಿಯಲ್ಲಿ ಊರ ಹೆಸರು ಹೇಳುತ್ತಾಳೆ, ಹಿಂದೆ ಕುಳಿತವರು ಕೊಂಕಣಿಯಲ್ಲಿ ಗೋವೆಯ ಕೆಲಸದ ಲೆಕ್ಕ ಮಾಡುತ್ತಿರುತ್ತಾರೆ. ಪೀರನವಾಡಿ, ಮಚ್ಛೆ, ಗಣೇಬೈಲು ದಾಟಿ ಸುಮಾರು 26 ಕಿಲೋಮೀಟರು ಸಾಗಿದರೆ ಮಲಪ್ರಭೆಯ ದಂಡೆಯ ಖಾನಾಪುರ ಬರುತ್ತದೆ.

ಈ ದಾರಿಯನ್ನು ಗಡಿ ತಂಟೆಯ ಸುದ್ದಿಗಳಿಂದಷ್ಟೇ ಬಲ್ಲವರಿಗೆ ಇದರ ಇನ್ನೊಂದು ಗುರುತು ತಿಳಿದಿರುವುದಿಲ್ಲ. ಮನೆಯೊಳಗಿನ ಮಾತನ್ನು ಅಟ್ಟ ಹತ್ತಿಸಿ, ಊರವರ ಮುಂದೆ ಆಡಿ ತೋರಿಸುವುದು ಈ ಸೀಮೆಯ ಹಳೆಯ ರೂಢಿ. ಇತ್ತೀಚೆಗೆ ಶಾಲೆಗಳಲ್ಲಿ, ಬೇಸಿಗೆ ಶಿಬಿರಗಳಲ್ಲಿ ಅದೇ ರೂಢಿ ಹೊಸ ವೇಷ ತೊಟ್ಟು ಬಂದಿದೆ. ಬರೆದಿಟ್ಟ ನಾಟಕವಿಲ್ಲ, ನಾಯಕನೂ ಇಲ್ಲ. ಮಕ್ಕಳು ಮನೆಯಿಂದ ಒಂದೊಂದು ಕಥೆ ತಂದು, ಎಲ್ಲರೂ ಕೂಡಿ ಹೆಣೆದು ಆಡುತ್ತಾರೆ. ಅಪ್ಪನ ಸಾಲ, ಅಜ್ಜಿಯ ಮದುವೆ, ಗೋವೆಗೆ ಹೋದ ಅಣ್ಣ, ಎಲ್ಲವೂ ನಾಟಕವಾಗಬಹುದು. ‘ನಮ್ಮ ಮನೆಯ ಮಾತು ಊರಿಗೆಲ್ಲ ಯಾಕೆ?’ ಎಂದು ತಂದೆ ತಾಯಿ ಅಳುಕುವುದು ಸಹಜ. ಆ ಅಳುಕಿಗೆ ಉತ್ತರ ಇದೇ ನೆಲದ ರಂಗಪರಂಪರೆಯಲ್ಲಿದೆ.

ಮನೆಯಿಂದ ಕಾಯಿದೆಯವರೆಗೆ

ಬೆಳಗಾವಿಯ ರಂಗಮಂದಿರಕ್ಕೆ ಇದೇ ತಾಲ್ಲೂಕಿನ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಗಾಯಕ ಕುಮಾರ ಗಂಧರ್ವರ ಹೆಸರಿದೆ. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಹುಟ್ಟಿದ್ದೂ ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರ ಶಿಷ್ಯ ಗೋವಿಂದ ಬಲ್ಲಾಳ ದೇವಲ್ ಓದಿದ್ದು ಬೆಳಗಾವಿಯಲ್ಲಿ. ದೇವಲರ ‘ಶಾರದಾ’ ನಾಟಕ 1899ರಲ್ಲಿ ರಂಗಕ್ಕೆ ಬಂತು. ಹಣದಾಸೆಗೆ ಬಿದ್ದ ತಂದೆಯೊಬ್ಬ ಎಳೆಯ ಮಗಳನ್ನು ಮುದುಕನಿಗೆ ಕೊಡಲು ಹೊರಡುವ ಕಥೆ ಅದು. ಅಂಥ ಸಂಕಟ ಆಗ ಎಷ್ಟೋ ಮನೆಗಳಲ್ಲಿತ್ತು, ಬಾಯಿಬಿಟ್ಟು ಆಡುವವರಿರಲಿಲ್ಲ. ನಾಟಕ ಅದನ್ನು ಆಡಿತು. ಬಾಲ್ಯವಿವಾಹ ತಡೆ ಕಾಯಿದೆ ಬಂದದ್ದು 30 ವರ್ಷಗಳ ನಂತರ, 1929ರಲ್ಲಿ. ಅದನ್ನು ಜನ ‘ಶಾರದಾ ಕಾಯಿದೆ’ ಎಂದು ಕರೆದರೂ ಹೆಸರು ಬಂದದ್ದು ನಾಟಕದಿಂದಲ್ಲ, ಮಸೂದೆ ಮಂಡಿಸಿದ ಹರಬಿಲಾಸ ಸಾರಡಾ ಅವರಿಂದ.

ಎರಡು ದಾರಿ

ಜಿಲ್ಲೆಯ ಕನ್ನಡ ಬಯಲಾಟಗಳಲ್ಲಿ ಮನೆಯ ಮಾತು ಎರಡು ದಾರಿಗಳಲ್ಲಿ ಬಂದಿದೆ. ಸಣ್ಣಾಟಗಳಲ್ಲಿ ಹೆಸರಾದ ‘ಸಂಗ್ಯಾ ಬಾಳ್ಯಾ’ ಬೈಲಹೊಂಗಲದಲ್ಲಿ ನಡೆದ ಕಥೆಯೆಂದೇ ಜನ ನಂಬಿದ್ದಾರೆ. ಸಂಗ್ಯಾ ಗೆಳೆಯನ ನೆರವಿನಿಂದ ಈರ್ಯಾನ ಹೆಂಡತಿ ಗಂಗಿಯನ್ನು ಒಲಿಸಿಕೊಳ್ಳುತ್ತಾನೆ. ಅದೇ ಗೆಳೆಯ ಬಾಳ್ಯಾ ಕೈಕೊಟ್ಟಾಗ ಕೊಲೆಯಾಗುತ್ತಾನೆ. ಪಾತ್ರಧಾರಿ ಹಾಡಿದ್ದನ್ನು ಹಿಮ್ಮೇಳ ಎತ್ತಿ ಹಾಡುತ್ತಿದ್ದಂತೆ, ಒಂದು ಮನೆಯ ಗುಟ್ಟು ಇಡೀ ಊರಿನ ಬಾಯಿಗೆ ಬರುತ್ತದೆ. ಆಟ ಅಮೋಘ. ಆದರೆ ಗಂಗಿಯನ್ನು ಕೇಳಿದವರಾರು? ಅವಳ ಕಡೆಯ ಕಥೆ ಅವಳ ಬಾಯಿಂದ ಬರಲೇ ಇಲ್ಲ.

ಇನ್ನೊಂದು ದಾರಿ ‘ಶ್ರೀಕೃಷ್ಣ ಪಾರಿಜಾತ’ದ್ದು. ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ಆಟದ ರೂಪ ಕೊಟ್ಟ ಕಥೆ ಇದು. ಕೃಷ್ಣ ಪಾರಿಜಾತ ಹೂವನ್ನು ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿದಳು. ಹೇಳುವುದು ದ್ವಾರಕೆಯ ಕಥೆ, ಮಾತಿನಲ್ಲಿ ಕೇಳುವುದು ಪಕ್ಕದ ಮನೆಯ ಜಗಳ. ದೂತಿಯೂ ಆಗುವ ಭಾಗವತ ಅಲ್ಲಲ್ಲೇ ಮಾತು ಕಟ್ಟಿ ನಗಿಸುವಾಗ ನೋಡುವ ಗಂಡ ಹೆಂಡಿರು ತಮ್ಮನ್ನೇ ಕಾಣುತ್ತಾರೆ, ಆದರೆ ಯಾರ ಹೆಸರೂ ಹೊರಬೀಳುವುದಿಲ್ಲ. ಕೌಜಲಗಿಯ ನಿಂಗಮ್ಮ ತನ್ನದೇ ಮೇಳ ಕಟ್ಟಿ ಈ ಆಟವನ್ನು ಮೆರೆಸಿದರು.

ಖಾನಾಪುರದ ನೆಲದಲ್ಲಿ

ಖಾನಾಪುರ ಹೆಂಚು, ಮಡಕೆಗಳ ಊರು. ಗ್ರಾಮೀಣ ಕುಂಬಾರಿಕೆ ಕಲಿಸುವ ಕೇಂದ್ರ ಸಂಸ್ಥೆಯೂ ಇಲ್ಲಿದೆ. ಬೀಡಿ, ಇಟಗಿ, ಕಕ್ಕೇರಿಯ ಕಡೆ ಜಾತ್ರೆಗೆ ಕನ್ನಡ ನಾಟಕವಾದರೆ ಜಾಂಬೋಟಿ, ಕಣಕುಂಬಿಯ ಕಡೆ ಮರಾಠಿ. ಭಾಷೆ ಬೇರೆಯಾದರೂ ವಸ್ತು ಒಂದೇ: ಅಣ್ಣ ತಂಗಿ, ಸೊಸೆಯ ಕಣ್ಣೀರು, ಕುಡುಕ ಗಂಡ, ಪಾಲಾದ ಹೊಲ. ಹಗಲು ಎತ್ತು ಹೂಡಿದವ ರಾತ್ರಿ ಬಣ್ಣ ಹಚ್ಚುತ್ತಾನೆ. ನಡುವೆ ಮೈಕಿನಲ್ಲಿ ಹೆಸರು ಕೂಗಿ ಆಯೇರಿ ಕೊಡುತ್ತಾರೆ. ನೋಡುವವರೂ ಆಟದೊಳಗಿನವರೇ.

ನಂದಗಡಕ್ಕೆ ಹೋದರೆ ಅಲ್ಲಿ 1831ರ ಜನವರಿ 26ರಂದು ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಮಾಧಿಯಿದೆ. ಮಕ್ಕಳ ಭಾಗ್ಯ ಬೇಡುವವರು ಅಲ್ಲಿಯ ಆಲದ ಮರಕ್ಕೆ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಲಾವಣಿಗಳ ವೀರ ಹೀಗೆ ಮನೆಮನೆಯ ಹಿರಿಯನೂ ಆಗಿದ್ದಾನೆ.

ಆದರೆ ಎಲ್ಲರ ಹಿರಿಯರಿಗೂ ಅಟ್ಟ ಸಿಕ್ಕಿತೇ? ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳ ಕಾಡಂಚಿನಲ್ಲೂ ಇದೇ ಖಾನಾಪುರದ ಕಾಡಂಚಿನಲ್ಲೂ ಸಿದ್ದಿಯರಿದ್ದಾರೆ. ಪೋರ್ಚುಗೀಸರು ಮತ್ತಿತರರು ಆಫ್ರಿಕದಿಂದ ಗುಲಾಮರಾಗಿ ತಂದವರ ಸಂತತಿ ಅವರು. ಡಮಾಮಿ ಬಡಿದು ಕುಣಿಯುತ್ತಿದ್ದರೂ ಅವರ ಮನೆಯ ಕಥೆ ಯಾವ ನಾಟಕದಲ್ಲೂ ಇರಲಿಲ್ಲ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್ ಮೂಲಕ ಚಿದಂಬರರಾವ್ ಜಂಬೆಯವರು ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಸಿದ್ದಿಯರಿಂದಲೇ ನಾಟಕ ಆಡಿಸಿದರು. ನೈಜೀರಿಯದ ಚಿನುವ ಅಚಿಬೆ 1958ರಲ್ಲಿ ಬರೆದ ಕಾದಂಬರಿಯೇ ಅದಕ್ಕೆ ಆಧಾರ. ಬಿಳಿಯರು ಬಂದು ಒಂದು ಕುಲದ ಬದುಕನ್ನು ಮುರಿಯುವ ಕಥೆಯನ್ನು, ಪೂರ್ವಜರು ಅದೇ ಖಂಡದಿಂದ ಬಂದಿದ್ದ ಜನ ತಮ್ಮ ಕುಣಿತದಲ್ಲೇ ಆಡಿದರು. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರೆ ಬೆಳಗಾವಿ, ಧಾರವಾಡದವರು ಸೇರಿದ್ದು 2020ರಲ್ಲಿ. ಸರಕಾರದ ಕಾಗದಕ್ಕಿಂತ ಎಷ್ಟೋ ಮುಂಚೆ ರಂಗ ಅವರನ್ನು ಗುರುತಿಸಿತ್ತು.

ದಾರ ಯಾರ ಕೈಯಲ್ಲಿ?

ಇಂಥ ನಾಟಕ ಕಟ್ಟುವವರಿಗೆ ಹೊರನಾಡಿನ ಪಾಠಗಳೂ ಇವೆ. ಬ್ರೆಜಿಲ್ಲಿನ ಆಗಸ್ಟೋ ಬೋಆಲ್ (1931–2009) ರೂಪಿಸಿದ ಬಗೆಯಲ್ಲಿ ಪ್ರೇಕ್ಷಕನೇ ಆಟ ನಿಲ್ಲಿಸಿ, ಅನ್ಯಾಯಕ್ಕೊಳಗಾದ ಪಾತ್ರದ ಜಾಗದಲ್ಲಿ ನಿಂತು ಬೇರೆ ದಾರಿ ಹುಡುಕಬಹುದು. 1985ರಲ್ಲಿ ಶುರುವಾದ ಬಂಗಾಳದ ‘ಜನ ಸಂಸ್ಕೃತಿ’ ತಂಡ ಅದನ್ನು ಹಳ್ಳಿಗಳಿಗೆ ಒಯ್ದಿದೆ. 1975ರಲ್ಲಿ ಅಮೆರಿಕದಲ್ಲಿ ಶುರುವಾದ ಇನ್ನೊಂದು ಬಗೆಯಲ್ಲಿ ಕಥೆ ಹೇಳಿದವರು ಸುಮ್ಮನೆ ಕುಳಿತು ನೋಡುತ್ತಾರೆ. ಅವರ ಕಥೆಯನ್ನು ಬೇರೆಯವರು ಆಡುತ್ತಾರೆ.

ಈ ಎರಡನೆಯ ಪಾಠದಲ್ಲಿ ಮಕ್ಕಳಿಗೆ ದೊಡ್ಡ ಆಸರೆಯಿದೆ. ಕುಡಿದು ಬರುವ ಅಪ್ಪನ ಪಾತ್ರವನ್ನು ಅವನ ಮಗನೇ ಮಾಡಬೇಕಿಲ್ಲ. ಊರಿನ ಹೆಸರು ಬದಲಿಸಬಹುದು, ಮೂರು ಮನೆಗಳ ಕಥೆಯನ್ನು ಒಂದು ಮಾಡಬಹುದು. ಪಾರಿಜಾತ ತೋರಿಸಿದ ಜಾಣತನವೂ ಅದೇ ಅಲ್ಲವೇ? ಮನೆಯ ಕಥೆ ಊರಿಗೆ ಬರುವುದು ತಪ್ಪಲ್ಲ; ಪರದೆಯ ದಾರ ಮನೆಯವರ ಕೈಯಲ್ಲಿರಬೇಕು. ಅದು ತಪ್ಪಿದರೆ ಮಗುವಿನ ನೋವು ನೋಡುವವರ ಚಪ್ಪಾಳೆಗೆ ಸರಕಾಗುತ್ತದೆ.

ಆದುದರಿಂದ ಪಾಲಕರು ಶಿಬಿರ ನಡೆಸುವವರನ್ನು ಮೂರು ಮಾತು ಕೇಳಿದರೆ ಸಾಕು. ಕಥೆ ಹೇಳಲು ಒಲ್ಲೆನೆಂದ ಮಗುವಿಗೂ ತಂಡದಲ್ಲಿ ಜಾಗವಿದೆಯೇ? ಪ್ರದರ್ಶನಕ್ಕೆ ಮೊದಲು ಮನೆಯವರಿಗೆ ಆಟ ತೋರಿಸುತ್ತಾರೆಯೇ? ಬೇಡವೆಂದ ಭಾಗವನ್ನು ಕೈಬಿಡುತ್ತಾರೆಯೇ? ಮೂರಕ್ಕೂ ಹೌದೆಂದರೆ ಮಗುವನ್ನು ಧೈರ್ಯವಾಗಿ ಕಳಿಸಬಹುದು.

ಹಾಗೆ ಹೋದ ಹುಡುಗಿ ಸಂಜೆ ನೋಟುಬುಕ್ಕು ಹಿಡಿದು ಅಜ್ಜಿಯ ಬಳಿ ಕೂತು, ‘ಆಯಿ, ನೀ ಲಗ್ನ ಆಗಿ ಈ ಮನಿಗೆ ಬಂದ ದಿನ ಏನಾತು?’ ಎಂದು ಕೇಳಿದರೆ ಅಜ್ಜಿ ಹೇಳಲಿ. ಯಾವ ಮಾತು ಅಟ್ಟಕ್ಕೆ, ಯಾವುದು ಮೊಮ್ಮಗಳಿಗೆ ಮಾತ್ರ ಎಂಬುದನ್ನೂ ಅಜ್ಜಿಯೇ ಹೇಳಲಿ.